ಹಸಿರು ಕ್ಲಿಪ್ಪು ಕೂರದ ಕಾಲು

ನಾನು ಒಂದು ಇಸಿಜಿ ಯಂತ್ರ. ಮನುಷ್ಯರ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವುದು ನನ್ನ ಕೆಲಸ. ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ನಾನು ಹುಟ್ಟಿದೆ. ಹೆಂಗಸರು ಸಾಲಾಗಿ ಕೂತು ನನ್ನ ಹೊಟ್ಟೆಯೊಳಗಿನ ತಂತಿಗಳನ್ನು ಬೆಸೆದರು. ಕಾಗದವನ್ನು ಸುಟ್ಟು ಗೆರೆ ಎಳೆಯುವ ಕಾದ ಮುಳ್ಳೊಂದನ್ನು ಕೂರಿಸಿದರು. ಎದೆಗೆ ಹಚ್ಚಲು, ಗಾಳಿ ಹೀರಿ ಅಂಟಿಕೊಳ್ಳುವ ಆರು ರಬ್ಬರ್ ಬುಗ್ಗೆಗಳನ್ನೂ ಕೈಕಾಲಿಗೆ ಸಿಕ್ಕಿಸಲು ನಾಲ್ಕು ಕ್ಲಿಪ್ಪುಗಳನ್ನೂ ಕೊಟ್ಟರು. ಕೆಂಪು ಬಲಗೈಗೆ, ಹಳದಿ ಎಡಗೈಗೆ, ಕಪ್ಪು ಬಲಗಾಲಿಗೆ, ಹಸಿರು ಎಡಗಾಲಿಗೆ. ಆ ಕ್ಲಿಪ್ಪುಗಳ ಅಳತೆ ತೆಗೆದವರು ಎಂಥ ಕಾಲುಗಳನ್ನು ನೋಡಿದ್ದರೋ ಗೊತ್ತಿಲ್ಲ. ಫೈಲೇರಿಯಾ ಹುಳು ಹೊಕ್ಕ ಕಾಲನ್ನು ಅವರು ನೋಡಿರಲಿಲ್ಲ.

ಕಲಬುರಗಿಯ ಒಂದು ಖಾಸಗಿ ನರ್ಸಿಂಗ್ ಹೋಮ್ ನನ್ನನ್ನು ಕೊಂಡಿತು. ಅಲ್ಲಿ ನನ್ನನ್ನು ನಡೆಸುತ್ತಿದ್ದವನು ಮಲ್ಕಣ್ಣ. ಕೈ ಚುರುಕು, ಮಾತು ಕಡಿಮೆ. ದಿನಕ್ಕೆ ಇಪ್ಪತ್ತು ಮೂವತ್ತು ಜನ ನನ್ನ ಪಕ್ಕದ ಮಂಚದ ಮೇಲೆ ಮಲಗಿ ಏಳುತ್ತಿದ್ದರು. ಅವರ ಹೃದಯ ಕಳಿಸುವ ಸಣ್ಣ ವಿದ್ಯುತ್ತನ್ನು ಬರೆದು ಕೊಡುತ್ತಿದ್ದೆ. ಅದರ ಅರ್ಥ ಹೇಳುವುದು ಡಾಕ್ಟರ ಕೆಲಸ.

ಆರನೇ ವರ್ಷ ಚಂದಮ್ಮ ಬಂದಳು. ಮೂವತ್ತೆಂಟರ ಹೆಂಗಸು. ಚಿತ್ತಾಪುರದ ಕಡೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ಜೊತೆಗೆ ಅವಳ ಗಂಡ ಸಾಯಬಣ್ಣ ಇದ್ದ. ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ದಮ್ಮು ಹತ್ತುತ್ತಿತ್ತು. ಮಲ್ಕಣ್ಣ ಎರಡು ಕೈಗೂ ಬಲಗಾಲಿಗೂ ಕ್ಲಿಪ್ಪು ಹಾಕಿದ. ಆಮೇಲೆ ಎಡಗಾಲಿನ ಸೀರೆ ಸರಿಸಿದವನು ಹಿಂದಕ್ಕೆ ಸರಿದ. ಮೊಣಕಾಲಿನಿಂದ ಕೆಳಗೆ ಆ ಕಾಲು ಮರದ ಬೊಡ್ಡೆಯ ಹಾಗೆ ಬಾತಿತ್ತು. ಚರ್ಮ ಒರಟಾಗಿ, ಮಡಿಕೆಗಳ ನಡುವೆ ನೀರು ಒಸರುತ್ತಿತ್ತು. ಮಲ್ಕಣ್ಣ ಹಸಿರು ಕ್ಲಿಪ್ಪನ್ನು ಬೆರಳ ತುದಿಯಲ್ಲಿ ಹಿಡಿದು ಒಮ್ಮೆ ಇಟ್ಟು ನೋಡಿದ. ಅದು ಕಾಲಿನ ಅರ್ಧಕ್ಕೂ ಬಾಯಿ ತೆರೆಯಲಿಲ್ಲ.

"ಇದು ಆನೆಕಾಲು. ಇದಕ್ಕ ಕ್ಲಿಪ್ ಹತ್ತಂಗಿಲ್ಲ. ಇಸಿಜಿ ಆಗಲ್ಲ" ಎಂದ.

"ಬ್ಯಾರೆ ಏನರ ಮಾಡಾಕ ಬರ್ತದೇನ್ರಿ?" ಎಂದು ಸಾಯಬಣ್ಣ ಕೇಳಿದ.

ಮಲ್ಕಣ್ಣ ಕೈ ತೊಳೆಯಲು ಹೋದ. ಡಾಕ್ಟರು, ಅಷ್ಟು ಭಾರದ ಕಾಲನ್ನು ಎಳೆದುಕೊಂಡು ನಡೆದರೆ ಯಾರಿಗಾದರೂ ದಮ್ಮು ಹತ್ತುತ್ತದೆ ಎಂದು ಹೇಳಿ, ಶಕ್ತಿಯ ಗುಳಿಗೆ ಬರೆದು ಕಳಿಸಿದರು. ಅವಳ ಎರಡು ಕೈಗಳು ಆಗಲೇ ನನ್ನ ತಂತಿಗೆ ಸೇರಿದ್ದವು. ಅಷ್ಟರಿಂದಲೇ ನಾನು ಒಂದು ಗೆರೆ ಬರೆಯಬಲ್ಲೆ. ಯಾರೂ ಗುಂಡಿ ಒತ್ತಲಿಲ್ಲ. ಒತ್ತದೆ ನನಗೆ ಬರೆಯಲು ಬರುವುದಿಲ್ಲ.

ಮುಂದಿನ ವರ್ಷ ನರ್ಸಿಂಗ್ ಹೋಮಿಗೆ ಹೊಸ ಯಂತ್ರ ಬಂತು. ನನ್ನನ್ನು ದಾನವಾಗಿ ಕೊಟ್ಟರು. ಗಣಿಗಳ ನಡುವಿನ ಒಂದು ಊರಿನ ಫೈಲೇರಿಯಾ ಚಿಕಿತ್ಸಾಲಯಕ್ಕೆ ಬಂದೆ. ಎರಡು ಕೋಣೆಯ ಕಟ್ಟಡ. ಅಂಗಳದಲ್ಲಿ ಪ್ಲಾಸ್ಟಿಕ್ ಟಬ್ಬುಗಳು, ಸೋಪು, ಕಾಲು ಒರೆಸುವ ಹಳೆಯ ಬಟ್ಟೆಗಳು. ರೋಗಿಗಳಿಗೆ ಕಾಲು ತೊಳೆದುಕೊಳ್ಳುವುದನ್ನು ಕಲಿಸಿ, ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಅಲ್ಲಿನ ನರ್ಸು ಸುಲೋಚನಾ ಸಿಸ್ಟರ್. ಬೀದರಿನವರು, ಐವತ್ತು ದಾಟಿದವರು. ಡಾಕ್ಟರ್ ವಿಶ್ವಾರಾಧ್ಯ ಗುರುವಾರ ಮಾತ್ರ ಬರುತ್ತಿದ್ದರು. ಕಾಲಿನ ರೋಗಕ್ಕೆ ಇಸಿಜಿ ಯಾಕೆ ಎಂದು ಅವರು ನನ್ನನ್ನು ಅಲಮಾರಿನ ಮೇಲೆ ಇಡಿಸಿದರು. ಐದು ತಿಂಗಳು ಅಲ್ಲೇ ಕೂತು ಕಾಲುಗಳನ್ನು ನೋಡಿದೆ.

ಒಂದು ಗುರುವಾರ ಚಂದಮ್ಮ ಮತ್ತೆ ಕಂಡಳು. ಸಾಯಬಣ್ಣನ ಹೆಗಲು ಹಿಡಿದು ಬಾಗಿಲು ದಾಟುವಷ್ಟರಲ್ಲಿ ಎರಡು ಸಲ ನಿಂತಳು. ಈಗ ಬಲಗಾಲೂ ಬಾತಿತ್ತು.

"ಎರಡನೇ ಕಾಲಿಗೂ ಫೈಲೇರಿಯಾ ಇಳದದ" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು.

ಸುಲೋಚನಾ ಸಿಸ್ಟರ್ ನೆಲದ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಮುಟ್ಟಬ್ಯಾಡ್ರಿ ಸಿಸ್ಟರ್, ವಾಸನಿ ಬರ್ತದ" ಎಂದಳು ಚಂದಮ್ಮ.

"ಬರ್ಲಿ ಬಿಡವ್ವ. ಈ ಬಲಗಾಲು ಯಾವಾಗಿಂದ ಬಾತದ?"

"ದೀಪಾವಳಿ ಮುಂದ ಸುರು ಆಯ್ತ್ರಿ. ಮಲಗಿದ್ರ ದಮ್ಮ ಹತ್ತತದ. ಗ್ವಾಡಿಗಿ ಬೆನ್ನ ಹಚ್ಚಿ ಕೂತೇ ಕಣ್ಣ ಮುಚ್ತೀನಿ."

ಸಿಸ್ಟರ್ ಎಡಗಾಲನ್ನು ಒತ್ತಿದರು. ಅದು ಗಟ್ಟಿಯಾಗಿತ್ತು. ಬಲಗಾಲಿನ ಮೇಲೆ ಹೆಬ್ಬೆರಳು ಊರಿ ತೆಗೆದರು. ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ ಬಿತ್ತು, ತುಂಬಿಕೊಳ್ಳಲಿಲ್ಲ.

"ಸರ್, ಇಲ್ಲಿ ಒತ್ತಿ ನೋಡ್ರಿ. ಇದು ಹುಳದ ಬಾವು ಅಲ್ಲ ಅನ್ನಸ್ತದ."

ಡಾಕ್ಟರು ಬಗ್ಗಿ ಒತ್ತಿದರು. ನಾಡಿ ಹಿಡಿದರು, ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಅಲಮಾರಿನ ಕಡೆ ನೋಡಿ, "ಅದನ್ನ ಇಳಸ್ರಿ" ಎಂದರು.

ಬಾತ ಬಲಗಾಲಿಗೆ ಕಪ್ಪು ಕ್ಲಿಪ್ಪು ಹೇಗೋ ಕೂತಿತು. ಹಸಿರು ಕ್ಲಿಪ್ಪು ಈ ಸಲವೂ ಕೂರಲಿಲ್ಲ.

"ಹಿಂದೊಮ್ಮಿ ಕಲಬುರಗ್ಯಾಗ ಹಿಂಗೇ ಹಚ್ಚಿದ್ರು. ಕಾಲಿಗಿ ಹತ್ತಂಗಿಲ್ಲ ಅಂದು ಕಳಿಸಿದ್ರು" ಎಂದಳು ಚಂದಮ್ಮ. ಆ ಯಂತ್ರ ನಾನೇ ಎಂದು ಅವಳಿಗೆ ಗೊತ್ತಾಗಲಿಲ್ಲ.

ಸಿಸ್ಟರ್ ಕ್ಲಿಪ್ಪಿನಿಂದ ಲೋಹದ ಬಿಲ್ಲೆಯನ್ನು ಬಿಚ್ಚಿ, ಜೆಲ್ಲಿ ಸವರಿ, ತೊಡೆಯ ಮೇಲಿಟ್ಟು ಬ್ಯಾಂಡೇಜು ಬಟ್ಟೆಯಿಂದ ಕಟ್ಟಿದರು. ಎರಡು ನಿಮಿಷದ ಕೆಲಸ. ಬಟ್ಟೆ ಬಿಗಿದ ಮೇಲೆ ಗುಂಡಿ ಒತ್ತಿದರು.

ನಾನು ಬರೆದೆ. ಬಡಿತಕ್ಕೂ ಬಡಿತಕ್ಕೂ ನಡುವಿನ ಅಂತರ ಒಂದರ ಹಾಗೆ ಇನ್ನೊಂದಿರಲಿಲ್ಲ. ಮೂರು ಬಡಿತ ಒಂದರ ಮೇಲೊಂದು ಬಿದ್ದು, ಆಮೇಲೆ ಖಾಲಿ, ಮತ್ತೆ ಓಟ. ಡಾಕ್ಟರು ಕಾಗದ ಹರಿದುಕೊಂಡು ಕಿಟಕಿಯ ಹತ್ತಿರ ಹೋದರು. ಬರೆದಿದ್ದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಬೇರೆ ಚೀಟಿ ಬರೆದರು. "ಇವತ್ತೇ ಕಲಬುರಗಿಗಿ ಕರ್ಕೊಂಡು ಹೋಗ್ರಿ. ನಾಳಿ ಅನಬ್ಯಾಡ್ರಿ" ಎಂದರು.

ಮುಂದಿನದನ್ನು ನಾನು ಸಾಯಬಣ್ಣನ ಬಾಯಿಂದ ಕೇಳಿದೆ. ಆರು ವಾರದ ಮೇಲೆ ಅವನು ಒಬ್ಬನೇ ಬಂದ. ಉಳಿದ ಗುಳಿಗೆಗಳನ್ನು ಮೇಜಿನ ಮೇಲಿಟ್ಟು, ಬೇರೆ ಯಾರಿಗಾದರೂ ಆಗಲಿ ಎಂದ. ಚಿಕ್ಕಂದಿನಲ್ಲಿ ಕೀಲು ಬಾತು ಬಂದಿದ್ದ ಜ್ವರ ಚಂದಮ್ಮನ ಹೃದಯದ ಒಂದು ಕವಾಟವನ್ನು ಕೆಡಿಸಿತ್ತಂತೆ. ಅದು ವರ್ಷ ವರ್ಷಕ್ಕೆ ಕಿರಿದಾಗುತ್ತ ಬಂದಿತ್ತು. ಮೊದಲೇ ಗೊತ್ತಾಗಿದ್ದರೆ ಒಳಗೆ ಬಲೂನು ಬಿಟ್ಟು ಅಗಲ ಮಾಡಬಹುದಿತ್ತು. ಅವಳು ಆಸ್ಪತ್ರೆಗೆ ಹೋದಾಗ ಹೃದಯದೊಳಗೆ ಆಗಲೇ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸಲು ಔಷಧ ಕೊಟ್ಟು ಕಾಯುತ್ತಿದ್ದರು. ಮೂರನೇ ವಾರ ಹೆಪ್ಪಿನ ತುಣುಕೊಂದು ಮೆದುಳಿಗೆ ಹೋಯಿತು. ಎರಡು ದಿನ ಮಾತಿಲ್ಲದೆ ಇದ್ದು ಸತ್ತಳು.

ಸಾಯಬಣ್ಣ ಎದ್ದು ಹೊರಟವನು ತಿರುಗಿ ನಿಂತ.

"ಒಂದು ಕೇಳ್ತೀನ್ರಿ ಸಿಸ್ಟರ್. ಮೊದಲ ಆ ದವಾಖಾನ್ಯಾಗ ಕಾಲಿಗಿ ಹತ್ತಲಿಲ್ಲ ಅಂದ್ರಲ್ಲ. ಅವತ್ತೇ ನಿಮ್ಮಂಗ ತೊಡಿಗಿ ಕಟ್ಟಿದ್ರ ಗೊತ್ತಾಗ್ತಿತ್ತೇನು?"

ಸುಲೋಚನಾ ಸಿಸ್ಟರ್ ಸುಳ್ಳು ಹೇಳಿದ್ದರೆ ಅವನು ನಂಬುತ್ತಿದ್ದ.

"ಗೊತ್ತಾಗ್ತಿತ್ತಣ್ಣ" ಎಂದರು.

ಅವನು ತಲೆಯಾಡಿಸಿ ಹೋದ. ಸಿಸ್ಟರ್ ಅಂದು ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ಡಾಕ್ಟರಿಗೆ ಫೋನು ಮಾಡಿ, "ನಮ್ಮ ಕಡಿ ಬರೋ ಎಲ್ಲಾರಿಗೂ ಹಚ್ಚಿ ನೋಡಬೇಕು ಸರ್" ಎಂದರು. ಮುಂದಿನ ಗುರುವಾರದಿಂದ ನಾನು ಅಲಮಾರಿನ ಮೇಲೆ ಹೋಗಲಿಲ್ಲ.

ಅರವತ್ತೊಂದು ಜನರ ಗೆರೆ ಬರೆದೆ. ಅವರಲ್ಲಿ ನಾಲ್ವರ ಹೃದಯ ಕೆಟ್ಟಿತ್ತು. ನಾಲ್ವರೂ ದಮ್ಮು ಹತ್ತುವುದು ಕಾಲಿನ ಭಾರಕ್ಕೇ ಎಂದುಕೊಂಡು ಸುಮ್ಮನಿದ್ದವರೇ. ಇಬ್ಬರು ತೀರಿಹೋದರು. ಮೂರನೆಯವನಾದ ಮುದುಕ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಆನೆಕಾಲಿನವನ ಪಕ್ಕ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ, ಸಾಯುವ ಮೊದಲು ಅದನ್ನು ಮತ್ತೊಮ್ಮೆ ನೋಡುವುದು ಬೇಡ ಎಂದ. ನಾಲ್ಕನೆಯವಳು ಮಾಬೂಬಿ. ಅವಳಿಗೆ ಕವಾಟದ ಚಿಕಿತ್ಸೆ ಆಯಿತು. ಈಗ ತನ್ನ ದಪ್ಪ ಕಾಲನ್ನು ಎಳೆದುಕೊಂಡೇ ಸಂತೆಗೆ ಹೋಗಿ ಬಳೆ ಮಾರುತ್ತಾಳಂತೆ.

ನನ್ನ ಮುಳ್ಳು ಸವೆಯುತ್ತ ಬಂತು. ಗೆರೆ ಕೆಲವೆಡೆ ಮಸುಕಾಗತೊಡಗಿತು. ಕೊನೆಯ ವರ್ಷ ಒಂದು ಮಧ್ಯಾಹ್ನ ಸಾಯಬಣ್ಣ ಬಂದ. ಎದೆ ಹಿಡಿದ ಹಾಗೆ ಆಗುತ್ತದೆ ಎಂದ. ಅವನ ಕಾಲು ಸಪೂರ. ನಾಲ್ಕೂ ಕ್ಲಿಪ್ಪು ಸುಲಭವಾಗಿ ಕೂತವು. ನಾನು ಬರೆದೆ. ಒಂದೂ ಬಡಿತ ತಪ್ಪಿರಲಿಲ್ಲ.

"ನಿನ್ನ ಎದಿ ಚಲೋ ಅದ ಅಣ್ಣ" ಎಂದರು ಸಿಸ್ಟರ್.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಚಲೋ ಇದ್ದು ಏನ್ ಮಾಡ್ತದ್ರಿ" ಎಂದ.

ಈಗ ನಾನು ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ, ಮುರಿದ ತಕ್ಕಡಿಯ ಪಕ್ಕದಲ್ಲಿದ್ದೇನೆ. ಗುಜರಿಯವರು ಬರುವವರೆಗೆ ಇಲ್ಲೇ. ಸಾವಿರಾರು ಜನರ ಹೃದಯ ನನ್ನ ಮೂಲಕ ಹಾದುಹೋಗಿದೆ. ಕೆಟ್ಟ ಹೃದಯದ ಗೆರೆ ಹೇಗಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಸಾಯಬಣ್ಣನ ಗೆರೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅವನು ನೋವೆಂದು ಬಂದಿದ್ದ. ಆ ನೋವು ನನ್ನ ತಂತಿಗಳಲ್ಲಿ ಹರಿಯುವಂಥದ್ದಾಗಿರಲಿಲ್ಲ.