ಕಣದ ಗಿರಕಿ

ಈ ಮನುಷ್ಯನ ಜೊತೆ ಏಗಿ ಏಗಿ ನನಗೆ ಸಾಕೋ ಸಾಕಾಗಿತ್ತು. ಹೊಳಬಸಪ್ಪ ಸರ್ ನನ್ನ ಪಿಎಚ್‌ಡಿ ಗೈಡು. ಪುಣೆಯಲ್ಲಿ ಅರ್ಧ ಆಯುಷ್ಯ ಕಳೆದರೂ ಧಾರವಾಡದ ಹಟ ಬಿಟ್ಟವರಲ್ಲ. ನನ್ನ ಪ್ರಬಂಧ ಸಲ್ಲಿಸಲು ಅವರ ಸಹಿ ಬೇಕು, ಅವರು ಹಾಕುತ್ತಿಲ್ಲ.

ಜಗಳ ಇಷ್ಟೇ. ಪ್ಲಾಸ್ಮಾ ಎಂದರೆ ಸೂರ್ಯನಂತೆ ಕಾದ ಅನಿಲ. ಅದನ್ನು ಯಾವ ಪಾತ್ರೆಯೂ ತಡೆಯದು, ಕಾಂತಕ್ಷೇತ್ರವೇ ಹಿಡಿದಿಡಬೇಕು. ಒಳಗೆ ಅಲೆಗಳೆದ್ದರೆ ಕಣಗಳು ದಿಕ್ಕೆಟ್ಟು ಅಲೆದು ಗೋಡೆಯತ್ತ ಸೋರುತ್ತವೆ. ಎಷ್ಟು ಸೋರುತ್ತವೆ ಎಂದು ಸರ್ ಹಿಂದೆ ಒಂದು ಪೇಪರು ಬರೆದು ಹೆಸರು ಮಾಡಿದ್ದರು, ಕಣವನ್ನು ಬರೀ ಚುಕ್ಕೆ ಎಂದುಕೊಂಡು. ಅದೆಲ್ಲಿಯ ಚುಕ್ಕೆ! ಕಾಂತಕ್ಷೇತ್ರದಲ್ಲಿ ಅದು ಗಿರಗಿರ ತಿರುಗುತ್ತಲೇ ಇರುತ್ತದೆ. ದೊಡ್ಡ ಸುತ್ತು ಹಾಕುವ ಕಣಕ್ಕೆ ಒಂದು ಕಡೆ ಅಲೆಯ ಏರು, ಇನ್ನೊಂದು ಕಡೆ ಇಳಿವು ಸಿಕ್ಕಿ, ಒಂದಕ್ಕೊಂದು ವಜಾ ಆಗಿ, ಅಲೆದಾಟವೇ ತಗ್ಗುತ್ತದೆ. ನನ್ನ ಲೆಕ್ಕದಲ್ಲಿ ಸೋರಿಕೆ ನಿಂತೇಹೋಗಿತ್ತು.

"ಆ ಗಿರಕಿ ತಗದು ಒಗೀರಿ, ವರದಾ. ಭಾಳ ಸಣ್ಣ ವಿಷಯ ಅದು" ಎನ್ನುವುದು ಅವರ ನಿತ್ಯದ ಜಪ.

ಸಣ್ಣ ವಿಷಯವಂತೆ! ಇವತ್ತು ಧನಕವಡಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದರೆ, ಸರ್ ತಾವೇ ಲೆಕ್ಕ ಓಡಿಸಿ ಕೂತಿದ್ದರು. ಗಿರಕಿಯನ್ನೂ ಸೇರಿಸಿದ್ದರು.

"ಬರ್ರಿ, ನೋಡ್ರಿ. ಸೋರಾಕತ್ತಾವೋ ಇಲ್ಲೋ?"

ಸೋರುತ್ತಿದ್ದವು. ಅವರ ಪ್ರೋಗ್ರಾಂ ತೆರೆದು ನೋಡಿದೆ. ಇಡೀ ಸುತ್ತಿನಲ್ಲಿ ನಾಲ್ಕೇ ಜಾಗಗಳಲ್ಲಿ ಅಲೆಯನ್ನು ಅಳೆದು ಸರಾಸರಿ ತೆಗೆದಿದ್ದರು, ಎಷ್ಟೋ ಜನ ಮಾಡುವ ಹಾಗೆ.

"ಸರ್, ಸಣ್ಣ ಸುತ್ತಿಗೆ ನಾಲ್ಕು ಸಾಕ್ರಿ. ಇದು ಅಲೆಗಿಂತ ದೊಡ್ಡ ಸುತ್ತು. ನಡುವಿನ ಏರಿಳಿತ ಎಲ್ಲಾ ತಪ್ಪಿ ಹೋಗ್ತಾವ. ಮೂವತ್ತೆರಡು ಹಾಕ್ರಿ."

"ನನಗ ಕಲಸ್ತೀರೇನು?"

"ಹಾಕ್ರಿ ಅಂದ್ರ ಹಾಕ್ರೀ!" ನನ್ನ ದನಿ ಕಾರಿಡಾರಿನ ತುದಿಗೂ ಕೇಳಿಸಿರಬೇಕು.

ದುರುಗುಟ್ಟಿ ನೋಡುತ್ತಲೇ ಹಾಕಿದರು. ಲೆಕ್ಕ ಮತ್ತೆ ಓಡಿತು. ಈ ಸಲ ಪರದೆಯ ಮೇಲೆ ಕಣಗಳು ಒಳಗೇ ಉಳಿದವು. ಒಂದೂ ಗೋಡೆ ಮುಟ್ಟಲಿಲ್ಲ.

ಸರ್ ಕನ್ನಡಕ ತೆಗೆದರು. ಗೆದ್ದೆನೆಂದು ಕುಣಿಯಬೇಕಿತ್ತು ನಾನು. ಅವರ ಮುಖ ನೋಡಿ ಮನಸ್ಸಾಗಲಿಲ್ಲ. ಅವರು ಪ್ರಬಂಧದ ಹಾಳೆಗೆ ಸಹಿ ಹಾಕಿ ನನ್ನತ್ತ ತಳ್ಳಿದರು.

"ದೊಡ್ಡ ಸುತ್ತಿನ ಕಣಕ್ಕ ಆ ಹಳೇ ಪೇಪರ್ ತಪ್ಪು ಅಂತ ಬರೀರಿ. ನನ್ನ ಹೆಸರು ಹಾಕೇ ಬರೀರಿ" ಎಂದರು. "ಗೈಡು ಅಂತ ನಾಜೂಕು ಮಾಡಿ ಮುಚ್ಚಿಟ್ರ ಮಾತ್ರ, ಆ ಸಹಿ ಹೊಡದು ಹಾಕ್ತೀನಿ ನೋಡ್ರಿ."