ವೃತ್ತದ ಹೊರಗಿನ ಬೆಂಚು

ಕೈವಾರ ಮೇಷ್ಟ್ರು ಎಂಬ ಅಡ್ಡಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಮೂವತ್ತೊಂದು ವರ್ಷ ಕೈವಾರವನ್ನೇ ಮುಟ್ಟದೆ, ಮೊಣಕೈ ಬಿಗಿಹಿಡಿದು, ಒಂದೇ ಬೀಸಿಗೆ ಕರಿಹಲಗೆಯ ಮೇಲೆ ವೃತ್ತ ಎಳೆದವರು ಅವರು. ಗೆರೆ ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಗಣಿತವೆಂದರೆ ಹೌಹಾರುವ ಹತ್ತನೆಯ ತರಗತಿಯ ಮಕ್ಕಳೂ ಅದನ್ನು ನೋಡಲು ಕತ್ತು ಚಾಚುತ್ತಿದ್ದರು. ಮೇಷ್ಟ್ರಿಗೆ ಇದರ ಬಗ್ಗೆ ಜಂಬವಿತ್ತು, ಇಲ್ಲವೆಂದರೆ ಸುಳ್ಳಾದೀತು.

ಒಂದು ಶುಕ್ರವಾರ ಹುಡುಗಿಯೊಬ್ಬಳ ತಾಯಿ ಶಿಕ್ಷಕರ ಕೊಠಡಿಗೆ ಬಂದಳು. ಹೊಲಿಗೆ ಕೆಲಸದವಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಸರ್, ನನ್ನ ಮಗಳು ಏನು ತಪ್ಪು ಮಾಡಿದ್ಲು ಹೇಳಿ. ಐದು ತಿಂಗಳಿಂದ ಕೈ ಎತ್ತುತ್ತಾಳಂತೆ, ನೀವು ಒಂದು ಸಲಾನೂ ಅವಳನ್ನ ಕೇಳಿಲ್ವಂತೆ. ಈಗ ಪುಸ್ತಕ ಮುಟ್ಟಲ್ಲ. ಶಾಲೆ ಬಿಟ್ಟು ನಿನ್ನ ಜೊತೆ ಮಿಷನ್ ತುಳೀತೀನಿ ಅಂತಾಳೆ."

"ಅವಳು ಕೈ ಎತ್ತಿದ್ದನ್ನ ನಾನು ನೋಡೇ ಇಲ್ಲಮ್ಮ."

"ಮೊದಲನೇ ಬೆಂಚು ಸರ್. ಕಿಟಕಿ ಪಕ್ಕ." ಅವಳು ಎದ್ದು ನಿಂತಳು. "ಇರಲಿ ಬಿಡಿ. ಸೋಮವಾರ ಬಂದು ಟಿಸಿ ತಗೊಂಡು ಹೋಗ್ತೀನಿ."

ಮೇಷ್ಟ್ರಿಗೆ ಮೈ ಉರಿಯಿತು. ನನ್ನನ್ನೇ ಸುಳ್ಳುಗಾರ ಅಂತಾಳಲ್ಲ! ಆ ಉರಿಯಲ್ಲೇ ಎದ್ದು ಹೊರಟವರ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಆ ವಾರದಲ್ಲಿ ಅದು ಮೂರನೆಯ ಸಲ. ಚೌಕಟ್ಟನ್ನು ಬೈಯಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು.

ಶನಿವಾರ ಕಣ್ಣಾಸ್ಪತ್ರೆಯಲ್ಲಿ ಅವರ ಗದ್ದವನ್ನು ಯಂತ್ರವೊಂದರ ಮೇಲೆ ಇಡಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಬೆಳಕೇ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಮೇಷ್ಟ್ರು ಕಾದು ಕೂತರು. ಕೆಟ್ಟಿದ್ದು ಯಂತ್ರವಲ್ಲ. ಎರಡನೆಯ ಕಣ್ಣಿನಲ್ಲೂ ಅದೇ ಹಾಡು.

ಡಾಕ್ಟರು ಕೈಗಿತ್ತ ಹಾಳೆಯಲ್ಲಿ ಅವರಿಗೆ ಚಿರಪರಿಚಿತವಾದ ಚಿತ್ರವಿತ್ತು. ಒಂದನ್ನೊಂದು ಕತ್ತರಿಸುವ ಎರಡು ಅಕ್ಷಗಳು, ಹತ್ತು, ಇಪ್ಪತ್ತು, ಮೂವತ್ತು ಡಿಗ್ರಿಯ ಗುರುತುಗಳು. ಸುತ್ತ ಕಪ್ಪು. ನಡುವೆ, ಹತ್ತರ ಗುರುತಿನವರೆಗೆ ಮಾತ್ರ, ಒಂದು ಸಣ್ಣ ಬಿಳಿ ವೃತ್ತ.

"ಕಣ್ಣಿನ ಒತ್ತಡ ನರಾನ ತಿಂದುಹಾಕಿದೆ," ಎಂದರು ಡಾಕ್ಟರು. "ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಹನಿ ಹಾಕ್ಕೊಳ್ಳಿ."

ಮನೆಗೆ ಬಂದವರೇ ಹಾಳೆಯ ಅಂಚಿನಲ್ಲಿ ಬರೆದರು: x² + y² = 100. ಬಲಗಡೆಯ ನೂರನ್ನು ನೋಡಿ ಹಿಗ್ಗಬೇಡಿ, ಅದು ತ್ರಿಜ್ಯವಲ್ಲ, ತ್ರಿಜ್ಯದ ವರ್ಗ, ಎಂದು ಪ್ರತಿ ವರ್ಷ ಮಕ್ಕಳಿಗೆ ಬಡಕೊಳ್ಳುತ್ತಿದ್ದವರು ಅವರೇ. ತ್ರಿಜ್ಯ ಬರೀ ಹತ್ತು. ಕಣ್ಣು ಸರಿಯಿದ್ದು ಹಾಳೆಯ ಅಂಚಿನವರೆಗೆ, ಮೂವತ್ತು, ಇದ್ದಿದ್ದರೆ ಒಂಬೈನೂರು ಆಗುತ್ತಿತ್ತು. ಒಂಬತ್ತು ಪಾಲಿನಲ್ಲಿ ಎಂಟು ಪಾಲು ತಮಗೇ ಗೊತ್ತಾಗದಂತೆ ಹೋಗಿತ್ತು. ಮೇಷ್ಟ್ರಿಗೆ ಅಳು ಬಂತು.

ಹೆಂಡತಿ ಬಟ್ಟೆ ಮಡಚುತ್ತಲೇ ಎಲ್ಲ ಕೇಳಿಸಿಕೊಂಡಳು. "ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಬಾಯಿ ಬಿಡಬೇಡಿ. ದೊಡ್ಡ ಮೇಡಂಗೆ ಗೊತ್ತಾದ್ರೆ ಮಾರನೇ ದಿನಾನೇ ಮನೆಗೆ ಕಳಿಸ್ತಾರೆ. ಡ್ರಾಯಿಂಗ್ ಮೇಷ್ಟ್ರಿಗೆ ಕೈ ನಡುಗಿದಾಗ ಏನು ಮಾಡಿದ್ರು, ನೆನಪಿಲ್ವಾ? ಕತ್ತು ಆ ಕಡೆ ಈ ಕಡೆ ತಿರುಗಿಸ್ತಾ ಪಾಠ ಮಾಡಿ, ಆಯ್ತು."

ಮಾತೇನೋ ಸರಿಯಾಗಿತ್ತು. ಕತ್ತು ತಿರುಗಿಸಬಹುದಿತ್ತು. ಆ ಹುಡುಗಿಯನ್ನು ನಾಲ್ಕು ಪ್ರಶ್ನೆ ಕೇಳಿ 'ಭೇಷ್' ಎನ್ನಬಹುದಿತ್ತು. ಆದರೆ ಐದು ತಿಂಗಳು ಕಡೆಗಣಿಸಿ, ತಾಯಿ ಬಂದು ಕೇಳಿದ ಮೇಲೆ ಕೊಟ್ಟ ಭೇಷನ್ನು ಯಾವ ಹುಡುಗಿ ನಂಬುತ್ತಾಳೆ? ತಾನು ಬೇಡದವಳು ಎಂದು ಅವಳು ಆಗಲೇ ಲೆಕ್ಕ ಮುಗಿಸಿಬಿಟ್ಟಿದ್ದಳು.

ಸೋಮವಾರ ಮೊದಲನೆಯ ಪಿರಿಯಡ್. ಮೇಷ್ಟ್ರು ಅಕ್ಷಗಳನ್ನು ಎಳೆದು, ಮೊಣಕೈ ಬಿಗಿಹಿಡಿದು ಬೀಸಿದರು. ಕೈ ತಪ್ಪಲಿಲ್ಲ, ಕೈಗೆ ಕಣ್ಣಿನ ಹಂಗಿರಲಿಲ್ಲ. ಪಕ್ಕದಲ್ಲಿ x² + y² = 100 ಎಂದು ಬರೆದು, ಎಡಗಡೆ ದೂರದಲ್ಲಿ ಒಂದು ಚುಕ್ಕೆ ಇಟ್ಟರು: (−16, 3).

"ಈ ಬಿಂದು ವೃತ್ತದ ಒಳಗಿದೆಯೋ, ಮೇಲಿದೆಯೋ, ಹೊರಗಿದೆಯೋ? ಕಿಟಕಿ ಪಕ್ಕದ ಮೊದಲನೇ ಬೆಂಚು, ನೀನು ಹೇಳಮ್ಮ."

ಅವರು ಕತ್ತು ತಿರುಗಿಸಲಿಲ್ಲ. ಮಕ್ಕಳಿಗೆ ಮುಖ ಮಾಡಿ ಹಿಂದಿನ ಗೋಡೆಯನ್ನೇ ನೋಡುತ್ತ ನಿಂತರು.

"ಎದ್ದು ನಿಂತ್ಕೊಂಡು ಹೇಳು. ಹೆದರಬೇಡ."

ನಡುವಿನ ಸಾಲಿನಿಂದ ಯಾರೋ ಮೆಲ್ಲಗೆ ಹೇಳಿದರು, "ಸರ್, ಅವಳು ಆಗಲೇ ಎದ್ದು ನಿಂತಿದಾಳೆ."

ಎಡಗಡೆಯಿಂದ ದನಿ ಬಂತು. "ಹದಿನಾರರ ವರ್ಗ ಇನ್ನೂರ ಐವತ್ತಾರು. ಒಂಬತ್ತು ಕೂಡಿದ್ರೆ ಇನ್ನೂರ ಅರವತ್ತೈದು. ನೂರಕ್ಕಿಂತ ಜಾಸ್ತಿ. ಹೊರಗಿದೆ ಸರ್."

"ಸರಿಯಾಗಿದೆ. ಆ ಬಿಂದು ನಿನ್ನ ಬೆಂಚು ಮಗಳೇ. ಈ ವೃತ್ತ ನನ್ನ ಕಣ್ಣು. ಮೊನ್ನೆ ಶನಿವಾರ ಆಸ್ಪತ್ರೇಲಿ ಅಳೆದು ಕೊಟ್ರು. ಒಳಗಿರೋದು ಮಾತ್ರ ನನಗೆ ಕಾಣ್ಸುತ್ತೆ."

"ನಾನು ದಿನಾ ಕೈ ಎತ್ತುತ್ತಿದ್ದೆ ಸರ್."

"ಗೊತ್ತಾಗಲಿಲ್ಲ. ತಪ್ಪು ನಿಂದಲ್ಲ. ನಿಮ್ಮಮ್ಮ ಟಿಸಿಗೆ ಬರ್ತಾರೆ, ಬೇಡ ಅಂತ ಹೇಳ್ತೀಯಾ?"

ಅವಳು ತಲೆಯಾಡಿಸಿದಳೋ ಇಲ್ಲವೋ, ಮೇಷ್ಟ್ರಿಗೆ ಕಾಣಲಿಲ್ಲ. ಈಗಂತೂ ತಿರುಗಿ ನೋಡಬಹುದಿತ್ತು, ಧೈರ್ಯ ಬರಲಿಲ್ಲ.

ಬೆಲ್ ಹೊಡೆದ ಮೇಲೆ ಅವರು ಜೇಬಿನಲ್ಲಿದ್ದ ಆಸ್ಪತ್ರೆಯ ಹಾಳೆಯನ್ನು ತೆಗೆದುಕೊಂಡು ದೊಡ್ಡ ಮೇಡಂ ಕೊಠಡಿಗೆ ಹೊರಟರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಸುದ್ದಿ ಹೇಗಿದ್ದರೂ ಮುಟ್ಟುತ್ತಿತ್ತು, ತಾವೇ ಹೇಳುವುದು ಮರ್ಯಾದೆ. ಬಾಗಿಲ ಬಳಿ ಭುಜ ಮತ್ತೆ ಚೌಕಟ್ಟಿಗೆ ತಾಗುವಷ್ಟರಲ್ಲಿ ಎಡಗಡೆಯಿಂದ ಒಂದು ಸಣ್ಣ ಕೈ ಬಂದು ಅವರ ಮೊಣಕೈ ಹಿಡಿದು ಬಲಕ್ಕೆ ಸರಿಸಿತು. ಯಾರದೆಂದು ಅವರು ಕೇಳಲಿಲ್ಲ.