ಅರ್ಧಕ್ಕೆ ನಿಂತ ದೋಣಿ

"ಇನ್ನೊಂದ್ ಸುತ್ತು ಬಿಗೀರಪ್ಪ, ದಾರೀಲಿ ವಾಲ್ಬಾರ್ದು."

ಮಠದ ಏಕಾಂತಯ್ಯನವರು ಹೇಳಿದಂತೆ ನಾಲ್ವರು ಸೇರಿ ಗಂಗಣ್ಣನನ್ನು ಶವ ಹೊರುವ ವಿಮಾನದಲ್ಲಿ ಕೂರಿಸಿ ಬೆನ್ನ ಹಿಂದಿನ ಬಿದಿರಿಗೆ ಬಿಗಿದರು. ಹಣೆಗೆ ಮೂರು ಬೆರಳು ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ನಿನ್ನೆ ಮಧ್ಯಾಹ್ನ ಮುದ್ದೆ ಉಂಡು ಮಲಗಿದವನು ಏಳಲೇ ಇಲ್ಲ. ಈಗ ನೆಟ್ಟಗೆ ಕೂತಿದ್ದ ಪರಿ ನೋಡಿದರೆ ಸಿನಿಮಾ ಶುರುವಾಗಲೆಂದು ಕಾಯುತ್ತಿರುವವನ ಹಾಗೇ ಇದ್ದ.

ವಿಮಾನ ಮೇಲೆದ್ದಿತು. ಜೊತೆಗೆ ಒಂದು ಸಣ್ಣ ಸದ್ದು, ಕಿಣಿಕಿಣಿ.

ಅಳುತ್ತಿದ್ದ ಉಮಾಮಹೇಶ್ವರಿಯ ಅಳು ಅಲ್ಲಿಗೇ ನಿಂತಿತು. ಬೀದಿಯವರೆಲ್ಲ ಉಮಕ್ಕ ಎಂದು ಕರೆಯುವ ಈ ಹೆಂಗಸಿಗೆ ಆ ಸದ್ದು ಗೊತ್ತಿಲ್ಲದ್ದೇನಲ್ಲ. ಗಂಡ ಹಿರೇಹಳ್ಳಿಯ ಕಾರ್ಖಾನೆಯಿಂದ ರಿಟೈರ್ ಆದಾಗ ಗುಜರಿಗೆ ಹೋಗಬೇಕಿದ್ದ ನಟ್ಟುಗಳನ್ನು ಕೇಳಿ ಡಬ್ಬಿ ತುಂಬ ತಂದಿದ್ದ. ಗಾಳಿಗೆ ಹಾರದಿರಲೆಂದು ಅವನ್ನು ಒಂದೊಂದಾಗಿ ಬಿಳಿ ಬಟ್ಟೆಯ ಅಂಚಿನೊಳಗಿಟ್ಟು ಹೊಲಿಗೆ ಹಾಕಿದವಳು ಇವಳೇ.

"ಸೋಮು," ಎಂದು ಮಗನ ರಟ್ಟೆ ಹಿಡಿದಳು. "ಹಿಂದುಗಡೆ ಕಟ್ಟಿರೋ ಬಟ್ಟೆ ಎಲ್ಲಿಂದ ತಂದ್ಯೋ?"

"ಅಟ್ಟದ್ ಮೇಲಿತ್ತಮ್ಮ. ವಿಮಾನಕ್ಕೆ ಬಿಳಿ ಬಟ್ಟೆ ಬೇಕು ಅಂದ್ರು. ಒಗ್ದು ಮಡ್ಚಿಟ್ಟಿತ್ತು, ತಂದ್ಕೊಟ್ಟೆ."

"ಅದು ಪಾರ್ಕಿನ್ ಪರದೆ ಕಣೋ. ಇವತ್ತು ಎರಡ್ನೇ ಶನಿವಾರ."

ಸೋಮಶೇಖರ ಅಮ್ಮನ ಮುಖವನ್ನೇ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ, ಮೆಲ್ಲಗೆ ಹೆಗಲ ಮೇಲೆ ಕೈಯಿಟ್ಟ. "ಈಗ ಅದೆಲ್ಲ ಯಾಕಮ್ಮ?"

ಅಷ್ಟರಲ್ಲಿ ಜಾಗಟೆ ಬಾರಿಸಿದರು. ಪರದೆಯನ್ನು ಬೆನ್ನಿಗೆ ಕಟ್ಟಿಕೊಂಡು ಗಂಗಣ್ಣ ಸದಾಶಿವನಗರದ ಬೀದಿ ದಾಟಿ ಹೊರಟೇಬಿಟ್ಟ. ಉಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆಯೇ ನಡೆದಳು.

*

ಮದುವೆಯಾದ ಮೂರನೇ ತಿಂಗಳು. ಕುಣಿಗಲ್‌ನಿಂದ ಬಂದ ಹೊಸ ಹೆಂಡತಿಯನ್ನು ಗಂಗಣ್ಣ ತನ್ನೂರು ಗುಬ್ಬಿಯ ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಕಪ್ಪುಬಿಳುಪಿನ ಚಿತ್ರ. ಗಂಡನ ಮೇಲೆ ಮುನಿಸಿಕೊಂಡ ಹೆಣ್ಣೊಬ್ಬಳು ದೋಣಿ ಹತ್ತುತ್ತಾಳೆ, ಅವನು ದಡದುದ್ದಕ್ಕೂ ಕೂಗುತ್ತ ಓಡುತ್ತಾನೆ. ಇನ್ನೇನು ಅವಳು ತಿರುಗಿ ನೋಡಬೇಕು, ಎಲ್ಲಿತ್ತೋ ಆ ಗಾಳಿ, ಟೆಂಟಿನ ಗೂಟ ಕಿತ್ತು ಪರದೆ ಪರ್ರನೆ ಹರಿದು ಹೆಂಗಸರ ಮೇಲೆ ಬಿತ್ತು. ಮಾರನೆಯ ದಿನ ಟೆಂಟಿನವರು ಗಂಟುಮೂಟೆ ಕಟ್ಟಿದರು.

"ಅವ್ಳು ತಿರುಗಿ ನೋಡಿದ್ಲೇನ್ರೀ?" ಎಂದು ಕೇಳಿದಾಗಲೆಲ್ಲ ಗಂಗಣ್ಣ ಒಂದೊಂದು ಕೊನೆ ಕಟ್ಟುತ್ತಿದ್ದ. ಮನಸ್ಸು ಚೆನ್ನಾಗಿದ್ದ ದಿನ ದೋಣಿ ದಡಕ್ಕೆ ವಾಪಸ್ಸು ಬರುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದ ದಿನ ದೋಣಿಗೆ ತೂತು ಬೀಳುತ್ತಿತ್ತು. ಅತ್ತೆ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದ್ದಾಗ ದೋಣಿಯಲ್ಲಿ ಅವರನ್ನೂ ಕೂರಿಸಿದ್ದ. ನಲವತ್ತು ವರ್ಷ ಕಳೆದರೂ ನಿಜವಾದ ಕೊನೆ ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ.

ರಿಟೈರ್ ಆದ ಮೇಲೆ ಶಿರಾ ಗೇಟಿನ ಅಂಗಡಿಯೊಂದರಿಂದ ಹಳೇ ಪ್ರೊಜೆಕ್ಟರ್ ತಂದು ಪಾರ್ಕಿನ ಎರಡು ಹೊಂಗೆಮರಗಳ ನಡುವೆ ಪರದೆ ಕಟ್ಟಿದ. ತಿಂಗಳ ಎರಡನೇ ಶನಿವಾರ ಸಂಜೆ ಏಳಕ್ಕೆ ಬೀದಿಗೆ ಬೀದಿಯೇ ಚಾಪೆ ಹಿಡಿದು ಬರುತ್ತಿತ್ತು. ಯಾವ ಸಿನಿಮಾ ಎಂದು ಅವನು ಮೊದಲೇ ಬಾಯಿ ಬಿಟ್ಟವನಲ್ಲ. ಮೊಮ್ಮಗಳು ಭೂಮಿಕಾ ಗಲ್ಲ ಹಿಡಿದು ಗೋಗರೆದರೂ ಇಲ್ಲ. ಉಮಕ್ಕ ಮಾತ್ರ ಎಲ್ಲರಿಗೂ ಮಂಡಕ್ಕಿ ಹಂಚುತ್ತ ಹಿಂದೆಯೇ ನಿಂತು, ಅರ್ಧಂಬರ್ಧ ನೋಡುತ್ತಿದ್ದಳು.

ಮೊನ್ನೆ ಗುರುವಾರ ಗಂಗಣ್ಣ ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಗಂಟು ಹಾಕುತ್ತ ಹೇಳಿದ್ದ. "ಈ ಶನಿವಾರ ಮಂಡಕ್ಕಿ ಕೆಲ್ಸ ಬೇರೆಯವ್ರಿಗೆ ಬಿಡು. ನೀನು ಮುಂದುಗಡೆ ಕುರ್ಚಿ ಹಾಕ್ಕೊಂಡ್ ಕೂತ್ಕೋ."

"ಯಾಕ್ರೀ? ಏನ್ ಸಿನಿಮಾ?"

"ಹೇಳ್ಬಿಟ್ರೆ ಏನಿದೆ ಮಜಾ?" ಎಂದು ನಕ್ಕಿದ್ದ. ಕದ್ದು ಬೆಲ್ಲ ತಿಂದವನ ನಗು. ಆ ದೋಣಿಯದೇ ಇರಬಹುದೇ ಎಂದು ಉಮಕ್ಕನಿಗೆ ಆಗಲೇ ಅನುಮಾನ ಬಂದಿತ್ತು.

*

ರುದ್ರಭೂಮಿಯಲ್ಲಿ ಗಂಗಣ್ಣನನ್ನು ಕೂತ ಹಾಗೆಯೇ ಗುಣಿಗೆ ಇಳಿಸಿದರು. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು. ಉಮಕ್ಕ ಬಿಕ್ಕಿ ಬಿಕ್ಕಿ ಅತ್ತಳು, ಸುಳ್ಳಲ್ಲ. ಆದರೆ ಒದ್ದೆ ಕಣ್ಣು ಮತ್ತೆ ಮತ್ತೆ ಬಿಚ್ಚಿಟ್ಟ ವಿಮಾನದ ಕಡೆಗೇ ಓಡುತ್ತಿತ್ತು. ಬಿದಿರಿನ ಜೊತೆಗೆ ಬಟ್ಟೆಯನ್ನೂ ಯಾರೋ ಬೇಲಿಯಾಚೆ ಎಸೆಯಲು ಎತ್ತಿದರು.

"ತಡೀರಪ್ಪ. ಆ ಬಟ್ಟೆ ನಂಗ್ ಬೇಕು."

ಎಲ್ಲರೂ ತಿರುಗಿದರು. ಎದುರುಮನೆಯ ರಾಮಾಂಜಿನಯ್ಯ ಮುಂದೆ ಬಂದ. ಪಾರ್ಕಿನ ಗೇಟಿನ ಬೀಗದ ಕೈ ಇರುವುದು ಅವನ ಹತ್ತಿರವೇ. "ಮಣ್ಣಿಗೆ ಬಂದ ಬಟ್ಟೆ ವಾಪಸ್ ತಗೊಂಡೋಗ್ಬಾರ್ದು ಉಮಕ್ಕ. ಸೂತಕ. ಪಾರ್ಕಲ್ಲಿ ಮಕ್ಳು ಮರಿ ಇರ್ತವೆ. ಮುಂದಿನ್ ತಿಂಗ್ಳು ಹೊಸಾದು ಕಟ್ಟಣ. ಸಿನಿಮಾ ಎಲ್ಲೋಗುತ್ತೆ?"

"ಇವ್ರು ಎಲ್ಲೋಗ್ತಾರೆ ಅಂತ ನಿನ್ನೆ ಮಧ್ಯಾಹ್ನ ನಾನೂ ಅಂದ್ಕೊಂಡಿದ್ದೆ ಕಣಣ್ಣ."

ಏಕಾಂತಯ್ಯನವರು ಕೈಗಂಟಿದ ವಿಭೂತಿ ಕೊಡವಿಕೊಂಡು ಹತ್ತಿರ ಬಂದರು. "ನಿಮ್ಮಲ್ಲಿ ಹೆಂಗೋ ಗೊತ್ತಿಲ್ಲ ರಾಮಾಂಜಿನಯ್ಯ. ನಮ್ಮಲ್ಲಿ ಸಾವಿಗೆ ಸೂತಕ ಇಲ್ಲ. ಶಿವನ್ ಹತ್ರ ಹೋದೋನಿಂದ ಎಂಥ ಮೈಲಿಗೆ?" ಆಮೇಲೆ ಉಮಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. "ಇವತ್ತು ಯಾವ್ದು ಅಂತ ಏನಾರ ಹೇಳಿದ್ನಾ?"

"ಇಲ್ಲ ಅಯ್ನೋರೆ."

"ಹೋಗೋವಾಗ್ಲೂ ಹೇಳ್ಲಿಲ್ಲ ನೋಡು," ಎಂದು ಏಕಾಂತಯ್ಯನವರು ನಕ್ಕುಬಿಟ್ಟರು. ಅವರೂ ತಿಂಗಳು ತಪ್ಪದೆ ಚಾಪೆ ತರುವವರೇ.

ಭೂಮಿಕಾ ಅಜ್ಜಿಯ ಕೈ ಜಗ್ಗಿದಳು. "ಹಂಗಾದ್ರೆ ಸಿನಿಮಾ ಇದ್ಯಾ ಅಜ್ಜಿ?" ಮಗು ಕುಣಿಯುತ್ತಿತ್ತು. ಗಂಡನನ್ನು ಮಣ್ಣು ಮಾಡಿದ ದಿನವೇ ತನ್ನೆದೆಯೂ ಹೀಗೆ ಕುಣಿಯುತ್ತಿದೆಯಲ್ಲ ಎಂದು ಉಮಕ್ಕನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಅದು ನಿಲ್ಲಲಿಲ್ಲ.

*

ಏಳು ಗಂಟೆಗೆ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಗ ತೆಗೆದವನು ರಾಮಾಂಜಿನಯ್ಯನೇ, ಆದರೆ ಪರದೆಯಿಂದ ಮಾರು ದೂರ ನಿಂತಿದ್ದ. ಹೊಂಗೆಮರಗಳ ನಡುವೆ ಬಿಚ್ಚಿ ಕಟ್ಟಿದಾಗ ಬಟ್ಟೆಯ ಬಲಮೂಲೆಯಲ್ಲಿ ಹಾರದ ಹಳದಿ ಅಂಗೈಯಗಲ ಮೆತ್ತಿಕೊಂಡಿತ್ತು. ಸೋಮಶೇಖರ ಒರೆಸಲು ಹೋದ. "ಇರ್ಲಿ ಬಿಡೋ," ಎಂದಳು ಉಮಕ್ಕ, ಮುಂದಿನ ಸಾಲಿನ ಕುರ್ಚಿಯಿಂದ.

ಸೋಮಶೇಖರ ಕರ್ಚೀಫಿನ ಗಂಟು ಬಿಚ್ಚಿದ. ಬೆಳಕು ಬಿತ್ತು. ಕಪ್ಪುಬಿಳುಪಿನ ಹೊಳೆ, ಹೊಳೆಯ ದಡ, ದಡದಲ್ಲೊಂದು ಖಾಲಿ ದೋಣಿ.

"ಅಯ್ಯೋ, ಹುಡುಕಿಬಿಟ್ಟವ್ರೆ," ಎಂದು ಉಮಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೂ ಅಳುವೂ ಒಟ್ಟಿಗೇ ಬಂದವು.

ಕತೆ ಸಾಗಿತು. ಕೊನೆಗೆ ಅವಳು ಮುನಿಸಿಕೊಂಡಳು, ದೋಣಿ ಹತ್ತಿದಳು. ಅವನು ಓಡತೊಡಗಿದ. ಆಗಲೇ, ಹೇಳಿ ಕರೆಸಿದ ಹಾಗೆ, ಗಾಳಿ ಎದ್ದಿತು. ಪರದೆ ಹೊಟ್ಟೆ ಉಬ್ಬಿಸಿತು. ನಟ್ಟುಗಳು ಕಿಣಿಕಿಣಿ ಅಂದವು. ಎಡಗಡೆಯ ಹಗ್ಗ ಪಟ್ಟನೆ ಹರಿಯಿತು.

ಉಮಕ್ಕ ಎದ್ದು ನಿಂತಳು. ಅವಳಿಗಿಂತ ಮೊದಲು ಓಡಿದವನು ರಾಮಾಂಜಿನಯ್ಯ. ಪಂಚೆ ಎತ್ತಿ ಕಟ್ಟಿ, ಹಾರುತ್ತಿದ್ದ ಅಂಚನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿ ಹಿಡಿದ. ಬಲಗಡೆ ಸೋಮಶೇಖರ ಹಿಡಿದ. ಚಿತ್ರ ಒಮ್ಮೆ ನಡುಗಿ ಮತ್ತೆ ನೆಟ್ಟಗಾಯಿತು.

"ಅಜ್ಜಿ, ಅವ್ಳು ತಿರುಗ್ತಾಳಾ?"

"ನಂಗೂ ಗೊತ್ತಿಲ್ಲ ಕಣೇ. ಸುಮ್ನೆ ನೋಡು."

ಉಮಕ್ಕ ಕುರ್ಚಿಯ ತುದಿಗೆ ಬಂದು ಕೂತಳು. ದೋಣಿ ನಿಧಾನವಾಗಿ ಪರದೆಯ ಬಲಮೂಲೆಗೆ ಸರಿಯಿತು. ಕಪ್ಪುಬಿಳುಪಿನ ಆ ತುರುಬಿಗೆ ಗಂಗಣ್ಣನ ಚೆಂಡುಹೂವಿನ ಹಳದಿ ಬಂದು ಕೂತಿತು. ಹೆಣ್ಣಿನ ಕತ್ತು ಮೆಲ್ಲಗೆ ಹೊರಳತೊಡಗಿತು.